ಬ್ರ್ಯಾಂಡ್ ಮಾರ್ಕೆಟಿಂಗ್ ಬಿಟ್ಟು ಇನ್ವೆಸ್ಟಿಂಗ್ ಕಡೆಗೆ: ಸಿಎಫ್‌ಎ ಮೊದಲೋ, ಮಾಡೆಲ್ ಮೊದಲೋ?

ತುಂಗಾತೀರ (ಪ್ರಶ್ನೆ)

ದಿನಬಳಕೆ ವಸ್ತುಗಳ ಲಿಸ್ಟೆಡ್ ಕಂಪನಿಯೊಂದರಲ್ಲಿ ಬ್ರ್ಯಾಂಡ್ ಮ್ಯಾನೇಜರ್ ಕೆಲಸ. ವಾರದಲ್ಲಿ ಅರ್ಧ ಶಿವಮೊಗ್ಗದ ಮನೆಯಿಂದಲೇ. ಕನ್ಸ್ಯೂಮರ್ ಕಂಪನಿಗಳ ರಿಸರ್ಚ್ ಅಥವಾ ಫಂಡ್ ಕಡೆಗೆ ಹೋಗಬೇಕು ಅಂತಿದೆ. ಎಂಬಿಎ ಮಾರ್ಕೆಟಿಂಗ್‌ನಲ್ಲಿ. ಬ್ಯಾಲೆನ್ಸ್ ಶೀಟ್ ಓದಲು ಬರುತ್ತೆ, ಮಾಡೆಲ್ (ಕಂಪನಿಯ ಮುಂದಿನ ಲೆಕ್ಕ ಅಂದಾಜಿಸೋ ಎಕ್ಸೆಲ್ ಹಾಳೆ) ಕಟ್ಟಲು ಬರಲ್ಲ. ಸಿಎಫ್‌ಎ (ಹೂಡಿಕೆ ವಿಶ್ಲೇಷಣೆಯ ಅಂತರರಾಷ್ಟ್ರೀಯ ಪರೀಕ್ಷೆ) ಮಾಡಲೇಬೇಕಾ? ಮಾರ್ಕೆಟಿಂಗ್ ಅನುಭವಕ್ಕೆ ಅಲ್ಲಿ ಬೆಲೆ ಇದೆಯಾ? ಊರಲ್ಲಿ ಕೂತು ಏನು ತಯಾರಿ ಮಾಡಬಹುದು?

ರಾಶಿ_ಇಡಿ

ಎರಡನೇ ಪ್ರಶ್ನೆಯನ್ನೇ ಮೊದಲು ಎತ್ಕೊಳ್ತೀನಿ. ಬೆಲೆ ಇದೆ, ಆದರೆ "ಗ್ರಾಹಕ ನನಗೆ ಗೊತ್ತು" ಅನ್ನೋ ಮಾತಿಗಲ್ಲ. ಗೊತ್ತಿರೋದು ಲೆಕ್ಕಪತ್ರದ ಯಾವ ಸಾಲಿನಲ್ಲಿ ಬಂದು ಕೂರುತ್ತೆ ಅಂತ ತೋರಿಸಿದರೆ ಮಾತ್ರ.

ಸ್ಕೀಮ್ ವಿಷಯ ನೋಡಿ. ಅಂಗಡಿಯವರಿಗೆ ಕೊಡೋ ಟ್ರೇಡ್ ಡಿಸ್ಕೌಂಟ್ ನಿಮ್ಮ ಬ್ರ್ಯಾಂಡ್ ಬಜೆಟ್‌ನಲ್ಲಿ ಖರ್ಚು. ಆದಾಯ ಲೆಕ್ಕದ ಮಾನದಂಡ ಇಂಡ್ ಎಎಸ್ 115ರ ಪ್ರಕಾರ ಸಾಮಾನ್ಯವಾಗಿ ಅದು ಆದಾಯದಲ್ಲೇ ಕಳೆದುಹೋಗುತ್ತೆ, ಜಾಹೀರಾತು ಖರ್ಚಿನ ಸಾಲಿಗೆ ಬರೋದೇ ಇಲ್ಲ. ಹಾಗಾಗಿ ಟಿವಿ ಜಾಹೀರಾತು ಕಡಿತ ಮಾಡಿ ಅದೇ ದುಡ್ಡನ್ನು ಸ್ಕೀಮಿಗೆ ಸುರಿದ ಕಂಪನಿ ಹೊರಗಿನವರಿಗೆ ಹೀಗೆ ಕಾಣುತ್ತೆ: ಜಾಹೀರಾತು ಖರ್ಚು ಇಳಿದಿದೆ, ಮಾರಾಟದ ಬೆಳವಣಿಗೆ ಮಂದ, ಗ್ರಾಸ್ ಮಾರ್ಜಿನ್ (ಮಾರಾಟದಲ್ಲಿ ಸರಕಿನ ಖರ್ಚು ಕಳೆದು ಉಳಿಯೋ ಪಾಲು) ಕುಗ್ಗಿದೆ. ಮೂರಕ್ಕೂ ಕಾರಣ ಒಂದೇ ಅಂತ ಹಿಡಿಯೋದು ಎಕ್ಸೆಲ್ ಮಾತ್ರ ಬಲ್ಲವರಿಗೆ ಕಷ್ಟ, ನಿಮಗೆ ಸುಲಭ.

ಮಾರ್ಚ್ ಕೊನೆಯಲ್ಲಿ ಡಿಸ್ಟ್ರಿಬ್ಯೂಟರ್ ಗೋಡೌನ್ ತುಂಬಿಸೋ ಚಾಳಿಯೂ ನಿಮಗೆ ಹೊಸದಲ್ಲ. ಮಾರಾಟ 20% ಏರಿ, ಬಾಕಿ ವಸೂಲಾಗುವ ದಿನ 30ರಿಂದ 45ಕ್ಕೆ ಹೋಗಿ, ಆಪರೇಟಿಂಗ್ ಕ್ಯಾಶ್ ಫ್ಲೋ (ವ್ಯಾಪಾರದಿಂದ ನಿಜವಾಗಿ ಕೈಗೆ ಬಂದ ನಗದು) ಮಾತ್ರ ಇದ್ದಲ್ಲೇ ಇದ್ದರೆ ಅನುಮಾನ ಪಡಿ. 2021-22ರಿಂದ ಬಾಕಿ ಎಷ್ಟು ಹಳೆಯದು ಅನ್ನೋ ಪಟ್ಟಿಯನ್ನು ವಾರ್ಷಿಕ ವರದಿಯ ನೋಟ್ಸ್‌ನಲ್ಲಿ ಕೊಡೋದು ಕಡ್ಡಾಯ, ಅದನ್ನು ನೋಡಿ. ಒಂದು ಎಚ್ಚರ: ಡಿಸ್ಟ್ರಿಬ್ಯೂಟರ್ ಬ್ಯಾಂಕಿನ ಚಾನೆಲ್ ಫೈನಾನ್ಸ್ (ಮಾಲು ಖರೀದಿಗೆ ಕೊಡೋ ಸಾಲ) ತಗೊಂಡಿದ್ದರೆ ಕಂಪನಿಗೆ ದುಡ್ಡು ಆಗಲೇ ಬಂದಿರುತ್ತೆ, ಬಾಕಿ ಪಟ್ಟಿ ಚೊಕ್ಕವಾಗಿ ಕಾಣುತ್ತೆ. ಆಗ ಅಂಗಡಿಗೇ ಹೋಗಿ ನೋಡಬೇಕು.

ಮಾಡೆಲ್‌ಗೆ ಒಂದೇ ಕಂಪನಿ ಸಾಕು. ಐದು ವರ್ಷದ ವಾರ್ಷಿಕ ವರದಿ, ಎಂಟು ತ್ರೈಮಾಸಿಕದ ಕಾನ್‌ಕಾಲ್ (ಅನಲಿಸ್ಟ್‌ಗಳ ಜೊತೆ ಕಂಪನಿಯವರ ಫೋನ್ ಸಭೆ) ಪ್ರತಿ, ಎಲ್ಲ ಬಿಎಸ್‌ಇ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತೆ. ಅಂಕಿಗಳನ್ನು ಕೈಯಾರೆ ತುಂಬಿ, ಆಗಲೇ ನೋಟ್ಸ್ ಓದಿಸಿಕೊಂಡು ಹೋಗೋದು. ಆದಾಯವನ್ನು ವಾಲ್ಯೂಮ್, ಬೆಲೆ, ಮಿಕ್ಸ್ (ದುಬಾರಿ, ಅಗ್ಗದ ಮಾಲಿನ ಪ್ರಮಾಣ) ಅಂತ ಒಡೆಯಿರಿ. 5 ರೂಪಾಯಿ ಪ್ಯಾಕಿನಲ್ಲಿ ಬೆಲೆ ಏರಿಕೆ ಅಂದ್ರೆ ಗ್ರಾಂ ಇಳಿಕೆ, ಇಲ್ಲಿ ಟನ್ ಲೆಕ್ಕಕ್ಕೂ ಪ್ಯಾಕೆಟ್ ಲೆಕ್ಕಕ್ಕೂ ತಾಳೆ ಆಗಲ್ಲ. ಬ್ಯಾಲೆನ್ಸ್ ಶೀಟ್ ಸರಿಹೋಗದಿದ್ದರೆ ಸುಳ್ಳು ಸಂಖ್ಯೆ ತುರುಕಿ ಮುಚ್ಚಬೇಡಿ. ಮೊದಲು ಸವಕಳಿ, ಲೀಸ್ ಬಾಧ್ಯತೆ, ಡಿವಿಡೆಂಡ್ ಈ ಮೂರು ಕಡೆ ಹುಡುಕಿ.

ಇನ್ನು ಮಾರ್ಕೆಟಿಂಗ್‌ನವರು ಮುಗ್ಗರಿಸೋ ಜಾಗ: ಒಳ್ಳೆ ಬ್ರ್ಯಾಂಡ್ ಅಂದ್ರೆ ಒಳ್ಳೆ ಷೇರು ಅಂದುಕೊಳ್ಳೋದು. ತೋಟ ಎಷ್ಟೇ ಚೆನ್ನಾಗಿರಲಿ, ಅತಿ ದರ ಕೊಟ್ಟು ಚೇಣಿ (ಫಸಲಿನ ಗುತ್ತಿಗೆ) ಹಿಡಿದವನಿಗೆ ಉಳಿಯೋದೇನು? ಲೆಕ್ಕ ಹಾಕಿ. ಪಿಇ (ಷೇರಿನ ಬೆಲೆ ಅದರ ವಾರ್ಷಿಕ ಲಾಭದ ಎಷ್ಟು ಪಟ್ಟು ಅನ್ನೋದು) 60ಕ್ಕೆ ಕೊಂಡ್ರಿ, ಲಾಭ ವರ್ಷಕ್ಕೆ 12% ಬೆಳೀತು, ಐದು ವರ್ಷಕ್ಕೆ 1.76 ಪಟ್ಟು. ಅಷ್ಟರಲ್ಲಿ ಪಿಇ 40ಕ್ಕೆ ಇಳಿದಿದ್ದರೆ ಷೇರಿನ ಬೆಲೆ ಏರಿರೋದು ಒಟ್ಟು 17.5%, ಅಂದ್ರೆ ವರ್ಷಕ್ಕೆ 3.3%. ಎಫ್‌ಡಿಯೇ ವಾಸಿ.

ಆಗುಂಬೆ_ಮಳೆ

ಮೇಲಿನವರು "ಅಂಗಡಿಗೇ ಹೋಗಿ" ಅಂದ್ರಲ್ಲ, ಅದನ್ನು ಮುಂದುವರಿಸ್ತೀನಿ. ಶಿವಮೊಗ್ಗದಲ್ಲಿ ಇರೋದು ಇದಕ್ಕೆ ಕೊರತೆಯಲ್ಲ ಮಾರಾಯ್ರೆ, ಮುಂಬೈ ಅನಲಿಸ್ಟ್‌ಗಳು ತೀರ್ಥಹಳ್ಳಿ ಅಂಗಡಿವರೆಗೆ ಬರೋದು ಅಪರೂಪ.

ಗಾಂಧಿ ಬಜಾರ್‌ನ ಹೋಲ್‌ಸೇಲ್ ಅಂಗಡಿ ಐದಾರು, ಸಾಗರ, ತೀರ್ಥಹಳ್ಳಿ ಪೇಟೆಯಲ್ಲಿ ತಲಾ ಹತ್ತು, ಹೊಸನಗರ ಕಡೆ ಹಳ್ಳಿ ಅಂಗಡಿ ಹತ್ತು. "ವ್ಯಾಪಾರ ಹೇಗಿದೆ" ಅಂತ ಕೇಳಿದರೆ ಎಲ್ಲರೂ "ಡಲ್" ಅಂತಾರೆ. ಅದರ ಬದಲು ಪ್ಯಾಕಿನ ಮೇಲಿನ ತಯಾರಿಕಾ ದಿನಾಂಕ ಬರ್ಕೊಳ್ಳಿ. ಒಂದೇ ಕಪಾಟಿನಲ್ಲಿ ಎದುರಾಳಿ ಬಿಸ್ಕತ್ತು ತಿಂಗಳ ಹಿಂದಿನದು, ನೀವು ಅಧ್ಯಯನ ಮಾಡ್ತಿರೋ ಕಂಪನಿಯದು ನಾಲ್ಕು ತಿಂಗಳ ಹಿಂದಿನದು ಅಂದ್ರೆ ಮಾಲು ಓಡ್ತಿಲ್ಲ. ಜೊತೆಗೆ ಮೂರು ಪ್ರಶ್ನೆ: ಈಗಿನ ಸ್ಕೀಮ್ ಏನು, ಕೊನೇ ಸಲ ಯಾವಾಗ ಮಾಲು ತಗೊಂಡ್ರಿ, ಎಷ್ಟು ದಿನ ಸಾಲ ಕೊಡ್ತಾರೆ. ಒಂದು ಸುತ್ತಿನಿಂದ ಏನೂ ಗೊತ್ತಾಗಲ್ಲ. ಅವೇ ಅಂಗಡಿಗಳಿಗೆ ತ್ರೈಮಾಸಿಕಕ್ಕೊಮ್ಮೆ ಹೋದರೆ ಬದಲಾವಣೆ ಕಾಣುತ್ತೆ.

ಎಲ್ಲಿ ಕೆಡುತ್ತೆ ಅಂದ್ರೆ, ಮಲೆನಾಡಿನ ಋತುವನ್ನೇ ದೇಶದ ಬೇಡಿಕೆ ಅಂದುಕೊಂಡಾಗ. ಜೂನ್‌ನಿಂದ ಆಗಸ್ಟ್ ಮಳೆಯಲ್ಲಿ ಗಾಡಿ ಬರೋದು ತಪ್ಪುತ್ತೆ ಅಂತ ಅಂಗಡಿಯವರು ಮೊದಲೇ ಪೇರಿಸಿಡ್ತಾರೆ. ಅಡಿಕೆ ಕೊಯ್ಲು ಮುಗಿದು ದುಡ್ಡು ಕೈಗೆ ಬಂದ ಮೇಲೆ ದೊಡ್ಡ ಪ್ಯಾಕ್ ಓಡುತ್ತೆ. ತೆರಿಗೆಯನ್ನೂ ಗಮನಿಸಿ: 2025ರ ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಬಿಸ್ಕತ್ತಿನ ಜಿಎಸ್‌ಟಿ 18ರಿಂದ 5%ಗೆ ಇಳೀತು. ಅದಕ್ಕೆ ಮುಂಚೆ ಡಿಸ್ಟ್ರಿಬ್ಯೂಟರ್‌ಗಳು ಖರೀದಿ ತಡೆಹಿಡಿದರು. ಆ ತ್ರೈಮಾಸಿಕದ ಮಾರಾಟ ಕುಸಿದಿದ್ದರೆ ಗ್ರಾಹಕ ದೂರ ಸರಿದ ಅಂತ ಬರೆಯೋದು ತಪ್ಪು.

ಶರಾವತಿ_ಹಿನ್ನೀರು

ಪರೀಕ್ಷೆ ಬಗ್ಗೆ ಚುಟುಕಾಗಿ. ಸಿಎಫ್‌ಎ ಕಡ್ಡಾಯವಲ್ಲ. ಮೂರು ಹಂತ, ಒಂದೊಂದಕ್ಕೂ 300 ಗಂಟೆ ಓದು ಬೇಕು ಅನ್ನೋದು ರೂಢಿಯ ಅಂದಾಜು. ಲೆವೆಲ್ 1 ಪಾಸಾದರೆ "ಹುಡುಗಾಟ ಅಲ್ಲ" ಅನ್ನೋದಕ್ಕೆ ಪುರಾವೆ, ಕೆಲಸ ಕೊಡಿಸೋದು ಮಾಡೆಲ್ ಮತ್ತು ಬರಹ. ಪಬ್ಲಿಕ್ ಮಾರ್ಕೆಟ್ (ಲಿಸ್ಟೆಡ್ ಷೇರುಗಳ) ರಿಸರ್ಚ್‌ಗೆ, ಷೇರುಪೇಟೆ ನಿಯಂತ್ರಕ ಸೆಬಿಯ ತರಬೇತಿ ಸಂಸ್ಥೆ ಎನ್‌ಐಎಸ್‌ಎಂನ ಸೀರೀಸ್ 15 ರಿಸರ್ಚ್ ಅನಲಿಸ್ಟ್ ಪರೀಕ್ಷೆ ಮೊದಲು ಮುಗಿಸಿ. ಪಾಸಿಗೆ 60%, ತಪ್ಪುತ್ತರಕ್ಕೆ ಅಂಕ ಕಡಿತ ಇದೆ. ಅದು ಪಾಸಾದ ಮಾತ್ರಕ್ಕೆ ದುಡ್ಡು ತಗೊಂಡು ಷೇರು ಸಲಹೆ ಕೊಡುವಂತಿಲ್ಲ, ಅದಕ್ಕೆ ಸೆಬಿ ನೋಂದಣಿಯೇ ಬೇಕು.

ಹೊಸ ಕಂಪನಿಗಳಿಗೆ ಬಂಡವಾಳ ಹಾಕೋ ವೆಂಚರ್ ಫಂಡ್ ಕಡೆ ಹೋಗೋದಾದರೆ ಕೇಳೋ ಲೆಕ್ಕವೇ ಬೇರೆ. ಒಂದು ಆನ್‌ಲೈನ್ ಬ್ರ್ಯಾಂಡ್ ಅಂದ್ಕೊಳ್ಳಿ: ಆರ್ಡರ್ 500 ರೂಪಾಯಿ, 5% ಜಿಎಸ್‌ಟಿ ಕಳೆದು 476. ಸರಕು 150, ಪ್ಯಾಕಿಂಗ್ ಮತ್ತು ಡೆಲಿವರಿ 75, ಪೇಮೆಂಟ್ ಗೇಟ್‌ವೇ 10, ವಾಪಸಾತಿ 20. ಉಳಿದದ್ದು 221. ಒಬ್ಬ ಹೊಸ ಗ್ರಾಹಕನ್ನ ತರೋಕೆ ಜಾಹೀರಾತು 350. ಹತ್ತು ಜನರಲ್ಲಿ ಮೂವರು ಮಾತ್ರ ಇನ್ನೊಮ್ಮೆ ಕೊಂಡರೆ ತಲಾ 63 ರೂಪಾಯಿ ನಷ್ಟ. ಫಾಲೋವರ್ಸ್ ಎಷ್ಟಿದ್ದರೇನು?

ನೇರ ಫಂಡ್‌ಗೆ ಜಿಗಿಯೋದು ಕಷ್ಟ ಅನಿಸಿದರೆ ಈಗಿನ ಕಂಪನಿಯಲ್ಲೇ ಇನ್ವೆಸ್ಟರ್ ರಿಲೇಷನ್ಸ್ (ಹೂಡಿಕೆದಾರರ ಜೊತೆ ವ್ಯವಹರಿಸೋದು) ಅಥವಾ ಬೇರೆ ಕಂಪನಿ ಕೊಳ್ಳೋ ಸ್ವಾಧೀನ ವಿಭಾಗಕ್ಕೆ ವರ್ಗ ಕೇಳಿ. ಸಂಬಳ ಇಳಿಯದೆ ಭಾಷೆ ಕಲಿಯೋ ದಾರಿ ಅದು.

ತುಂಗಾತೀರ

ಉಪಕಾರ ಆಯ್ತು. ಮೊದಲ ಮಾಡೆಲ್ ನಮ್ಮ ಕಂಪನಿಯದ್ದೇ ಮಾಡಿದರೆ? ಸೆಕೆಂಡರಿ ಅಂಕಿ (ಡಿಸ್ಟ್ರಿಬ್ಯೂಟರ್‌ನಿಂದ ಅಂಗಡಿಗೆ ಆದ ಮಾರಾಟ) ಎಲ್ಲ ಕೈಯಲ್ಲೇ ಇದೆ.

ರಾಶಿ_ಇಡಿ

ಬೇಡವೇ ಬೇಡ. ಪ್ರಕಟವಾಗದ ಮಾರಾಟದ ಅಂಕಿ ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ ನಿಯಮದಡಿ ಬೆಲೆಸೂಕ್ಷ್ಮ (ಷೇರಿನ ಬೆಲೆ ಅಲುಗಾಡಿಸಬಲ್ಲ) ಮಾಹಿತಿ ಆಗಬಹುದು. ಷೇರು ಮುಟ್ಟದೆ ಬರೀ ಸಂದರ್ಶನದಲ್ಲಿ ತೋರಿಸಿದರೂ ಹಂಚಿದ ಹಾಗೇ ಲೆಕ್ಕ. ಒಳ್ಳೆ ಫಂಡ್‌ನವರು ಅಂಥ ವರದಿ ನೋಡಿದ ತಕ್ಷಣ ಬಾಗಿಲು ತೋರಿಸ್ತಾರೆ. ನೀವು ಕೆಲಸ ಮಾಡದ ಕೆಟಗರಿಯ ಕಂಪನಿ ಆರಿಸಿ, ಬಣ್ಣ, ಚಪ್ಪಲಿ, ಒಳಉಡುಪು, ಯಾವುದಾದರೂ. ಕಲಿತ ವಿಧಾನ ಹೊಸ ಜಾಗದಲ್ಲೂ ನಡೆಯುತ್ತೆ ಅನ್ನೋದೂ ಅದರಲ್ಲೇ ಸಾಬೀತಾಗುತ್ತೆ. ವರದಿ ನಾಲ್ಕು ಪುಟ ಮೀರದಿರಲಿ, ಮೊದಲ ಪುಟದಲ್ಲೇ "ಯಾವ ಬೆಲೆಗೆ ಕೊಳ್ಳಲ್ಲ" ಅನ್ನೋದನ್ನೂ ಬರೀರಿ.