ಸಹಾಯ ಬೇಕು: ಬಂಗುಡೆ ಮೀನಿನಲ್ಲಿ ಸಿಕ್ಕ ಮರಿಹುಳುಗಳನ್ನು ಗುರುತಿಸುವ ಬಗ್ಗೆ

ಮಾನ್ಯರೇ, ಬಳ್ಳಾರಿಯ ಪದವಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು, ಕರಾವಳಿಯಿಂದ ಮಂಜುಗಡ್ಡೆಯಲ್ಲಿ ಬಂದ ಬಂಗುಡೆ ಮೀನುಗಳನ್ನು ಕಳೆದ ಭಾನುವಾರ ಮನೆಯಲ್ಲಿ ಸ್ವಚ್ಛ ಮಾಡುವಾಗ, ಎರಡು ಮೀನುಗಳ ಕರುಳಿನ ಹೊರಮೈಗೆ ಅಂಟಿಕೊಂಡು ಗಡಿಯಾರದ ಸ್ಪ್ರಿಂಗಿನಂತೆ ಸುರುಳಿ ಸುತ್ತಿದ್ದ ಬಿಳಿ ಹುಳುಗಳನ್ನು ಕಂಡೆ. ಸೂಜಿಯಿಂದ ಬಿಡಿಸಿ ಅಳೆದಾಗ ಒಂದೊಂದೂ ಸುಮಾರು 2 ಸೆಂ.ಮೀ. ಉದ್ದವಿತ್ತು. (ಚೆನ್ನಾಗಿ ಬೇಯಿಸಿದರೆ ಹುಳು ಸಾಯುತ್ತದೆ ಎಂದು ಎಷ್ಟು ಹೇಳಿದರೂ, ತುಂಗಭದ್ರಾ ಹಿನ್ನೀರಿನ ಮೀನು ತಿಂದು ಬೆಳೆದ ನಮ್ಮ ಮನೆಯವರು ಸಮುದ್ರದ ಮೀನನ್ನು ಇನ್ನು ಒಲ್ಲೆವೆನ್ನುತ್ತಿದ್ದಾರೆ.)

ಇವು ಅನಿಸಾಕಿಸ್ ಎಂಬ ಪರಾವಲಂಬಿ ದುಂಡುಹುಳು ಕುಲದ ಮೂರನೆಯ ಹಂತದ ಮರಿಹುಳುಗಳೆಂಬುದು ನನ್ನ ಊಹೆಯಾದರೂ, ಸುರುಳಿಯೊಂದನ್ನೇ ನೋಡಿ ಹೆಸರಿಡುವುದು ಸರಿಯಲ್ಲ. ಅನಿಸಾಕಿಸ್‌ನಲ್ಲಿ ಅನ್ನನಾಳದ ಹಿಂದೆ ವೆಂಟ್ರಿಕ್ಯುಲಸ್ ಎಂಬ ಗ್ರಂಥಿಯಂಥ ಭಾಗ ಮಾತ್ರ ಇರುತ್ತದೆ. ಅದರ ಸಂಬಂಧಿ ಕುಲವಾದ ಕಾಂಟ್ರಸೀಕಮ್‌ನಲ್ಲಾದರೆ ಕರುಳಿನಿಂದ ಮುಂದಕ್ಕೆ ಚಾಚಿದ ಕುರುಡುಚೀಲವೂ ಕಾಣಬೇಕು. ನನ್ನ ಮಾದರಿಗಳು ಗ್ಲಿಸರಿನ್‌ನಲ್ಲಿ ಎರಡು ದಿನ ಇಟ್ಟರೂ ಪಾರದರ್ಶಕವಾಗದೆ, ತಲೆಯ ತುದಿಯ ಕೊರೆಹಲ್ಲಿನ ಹೊರತು ಮತ್ತೇನೂ ಸ್ಪಷ್ಟವಾಗುತ್ತಿಲ್ಲ.

ಹುಳುಗಳನ್ನು ಪಾರದರ್ಶಕವಾಗಿಸುವ ಲ್ಯಾಕ್ಟೋಫಿನಾಲ್ ದ್ರಾವಣ ಬಳಸಿದವರಿದ್ದರೆ ಎಷ್ಟು ಹೊತ್ತು ಇಡಬೇಕೆಂದು ದಯವಿಟ್ಟು ತಿಳಿಸಿ. ಡಿಎನ್‌ಎ ಕೆಡಬಾರದೆಂದು ಫಾರ್ಮಲಿನ್ ಬಿಟ್ಟು, ಉಳಿದ ಆರು ಹುಳುಗಳನ್ನು 70% ಆಲ್ಕೋಹಾಲ್‌ನಲ್ಲಿ ಇರಿಸಿದ್ದೇನೆ. ಪ್ರಭೇದ ಖಚಿತಪಡಿಸಲು ಡಿಎನ್‌ಎಯ ಐಟಿಎಸ್ ಎಂಬ ಭಾಗದ ಪರೀಕ್ಷೆ ಮಾಡಿಕೊಡಬಲ್ಲ ಪ್ರಯೋಗಾಲಯ ಗೊತ್ತಿದ್ದವರು ಮಾದರಿ ಕಳುಹಿಸುವ ಕ್ರಮವನ್ನೂ ತಿಳಿಸಿದರೆ ಉಪಕಾರವಾಗುತ್ತದೆ.