ನಾಳೆ ಮಗು ಭಾಷಣಕ್ಕೆ ಹೋಗುವ ಮುಂಚೆ ಇದನ್ನು ಕೇಳಿಸಿಕೊಳ್ಳಿ

ನೋಡಮ್ಮ, ನಿನ್ನ ಮೆಸೇಜು ಈಗ ನೋಡಿದೆ. ಮಗ ನಾಳೆ ಶಾಲೆಯಲ್ಲಿ ‘ಇತಿಹಾಸದ ಅಚ್ಚರಿಗಳು’ ಅಂತ ಮಾತಾಡಬೇಕು, ಮೂರು ಕತೆ ಬಾಯಿಪಾಠ ಮಾಡಿದ್ದಾನೆ, ಮೂರೂ ಫಾರ್ವರ್ಡಿನಲ್ಲಿ ಬಂದವು, ಸುಳ್ಳಾಗಿದ್ದರೆ ಏನು ಮಾಡೋದು ದೊಡ್ಡಮ್ಮ ಅಂತ ಕೇಳಿದ್ದೀಯ. ಹೆದರಿದ್ದು ಒಳ್ಳೆಯದೇ ಆಯಿತು. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳು.

ನಿಮ್ಮ ಸಣ್ಣ ಮಾವ ಯಾವ ಸಮಾರಂಭದಲ್ಲೂ ಮೈಕ್ ಮುಟ್ಟಲ್ಲ, ಅದು ನಿಮಗೆಲ್ಲ ಗೊತ್ತು. ಯಾಕೆ ಅಂತ ಗೊತ್ತಿಲ್ಲ ಅಲ್ವಾ? ಹೈಸ್ಕೂಲಿನಲ್ಲಿ ಅವನಷ್ಟು ಚೆನ್ನಾಗಿ ಮಾತಾಡುವ ಹುಡುಗ ಇನ್ನೊಬ್ಬ ಇರಲಿಲ್ಲ. ಒಂದು ಸ್ಪರ್ಧೆಗೆ ಅವನು 1752ರ ಕತೆ ತೆಗೆದುಕೊಂಡ. ಬ್ರಿಟನ್ನಿನಲ್ಲಿ ಆ ವರ್ಷ ಸೆಪ್ಟೆಂಬರ್ 2ರ ಬುಧವಾರ ರಾತ್ರಿ ಮಲಗಿದವರು ಬೆಳಿಗ್ಗೆ ಎದ್ದಾಗ ಸೆಪ್ಟೆಂಬರ್ 14, ಗುರುವಾರ. ನಡುವಿನ 11 ದಿನ ಕ್ಯಾಲೆಂಡರಿನಲ್ಲೇ ಇಲ್ಲ. ಇದು ಸತ್ಯ. ಹಳೆಯ ಜೂಲಿಯನ್ ಕ್ಯಾಲೆಂಡರಿನ ವರ್ಷ ನಿಜವಾದ ವರ್ಷಕ್ಕಿಂತ ಸುಮಾರು 11 ನಿಮಿಷ ಜಾಸ್ತಿ ಇತ್ತು. ಆ ನಿಮಿಷಗಳು ನೂರಾರು ವರ್ಷ ಸೇರಿ ಸೇರಿ ದಿನಗಳೇ ಆಗಿಬಿಟ್ಟಿದ್ದವು. ಪೋಪ್ ಗ್ರೆಗರಿ 1582ರಲ್ಲೇ ಸರಿ ಮಾಡಿದ್ದರು, ಇಟಲಿ, ಸ್ಪೇನ್ ಎಲ್ಲ ಆಗಲೇ ಒಪ್ಪಿಕೊಂಡಿದ್ದವು. ಬ್ರಿಟನ್ ಒಪ್ಪಿಕೊಂಡಿದ್ದು 170 ವರ್ಷ ಆದಮೇಲೆ. ರಷ್ಯಾ ಇನ್ನೂ ತಡ, 1918ರಲ್ಲಿ. ಅದಕ್ಕೇ ಅವರ ಅಕ್ಟೋಬರ್ ಕ್ರಾಂತಿಯ ದಿನ ಈಗಿನ ಲೆಕ್ಕದಲ್ಲಿ ನವೆಂಬರಿಗೆ ಬರುತ್ತದೆ.

ಇದನ್ನೆಲ್ಲ ನಮ್ಮ ಹುಡುಗ ಎಷ್ಟು ಚಂದ ಹೇಳಿದ ಅಂದರೆ ಸಭೆ ಉಸಿರು ಬಿಗಿಹಿಡಿದು ಕೇಳುತ್ತಿತ್ತು. ನಾನು ಅಲ್ಲೇ ಕೂತಿದ್ದೆ. ಆಮೇಲೆ ಯಾರೋ ಹೇಳಿಕೊಟ್ಟಿದ್ದ ಕೊನೆ ಭಾಗ ಬಂತು. ‘ನಮ್ಮ 11 ದಿನ ವಾಪಸು ಕೊಡಿ’ ಅಂತ ಜನ ಬೀದಿಗಿಳಿದು ದಂಗೆ ಎದ್ದರು, ಎಷ್ಟೋ ಜನ ಸತ್ತರು ಅಂದ. ತೀರ್ಪುಗಾರರಲ್ಲಿ ಒಬ್ಬರು ಕೇಳಿದರು, ಆ ದಂಗೆ ನಡೆದಿದ್ದು ಯಾವ ಊರಲ್ಲಪ್ಪಾ, ಸತ್ತವರು ಎಷ್ಟು ಜನ, ಎಲ್ಲಿ ಬರೆದಿದೆ? ಅವನ ಹತ್ತಿರ ಉತ್ತರ ಇಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ, ಯಾಕೆಂದರೆ ಅಂಥ ದಂಗೆ ನಡೆದಿದ್ದಕ್ಕೆ ಆ ಕಾಲದ ಪುರಾವೆಯೇ ಇಲ್ಲ. ಹೋಗಾರ್ತ್ ಅನ್ನುವ ಚಿತ್ರಕಾರ 1755ರ ಸುಮಾರಿಗೆ ಚುನಾವಣೆ ಬಗ್ಗೆ ಒಂದು ಚಿತ್ರ ಬರೆದ, ಅದರಲ್ಲಿ ನೆಲದ ಮೇಲೆ ಬಿದ್ದ ಫಲಕದಲ್ಲಿ ಆ ಘೋಷಣೆ ಇದೆ. ಆಮೇಲಿನವರು ಅದನ್ನೇ ಹಿಡಿದುಕೊಂಡು ದಂಗೆ ಕಟ್ಟಿಬಿಟ್ಟರು.

ಅದಕ್ಕೇ ಹೇಳುತ್ತಿದ್ದೇನೆ, ಇಂಥ ಕತೆಗಳಿಗೆ ಮೈ ನಿಜ, ಬಾಲ ಸುಳ್ಳು. ಬಾಲ ಕತ್ತರಿಸದೆ ಮಗುವನ್ನು ವೇದಿಕೆ ಹತ್ತಿಸಬೇಡ.

ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಆ ಪ್ರಶ್ನೆಗಲ್ಲ, ಪ್ರಶ್ನೆ ಸರಿಯಾಗೇ ಇತ್ತು. ಆಮೇಲೆ ಆ ಮನುಷ್ಯ ಎದ್ದು ನಿಂತು, 11 ದಿನ ಹೋಗಿದ್ದೂ ಕಟ್ಟುಕತೆ, ಹುಡುಗ ಪೂರ್ತಿ ಬುರುಡೆ ಬಿಟ್ಟಿದ್ದಾನೆ ಅಂದರಲ್ಲ, ಅದಕ್ಕೆ. ಜನ ನಕ್ಕರು. ಅಪ್ಪ ಮಾರನೇ ದಿನ ಪುಸ್ತಕ ಹಿಡಿದುಕೊಂಡು ಹೋಗಿ ತೋರಿಸಿದರು, ಅವರು ಪುಟ ಕೂಡ ತೆರೆಯಲಿಲ್ಲ. ದೊಡ್ಡವರು ಅನ್ನಿಸಿಕೊಂಡವರು ಒಂದು ಮಗುವಿನ ಮುಂದೆ ‘ನೀನು ಹೇಳಿದ್ದರಲ್ಲಿ ಇಷ್ಟು ಸರಿ’ ಅನ್ನಬಾರದಾ? ಅವತ್ತಿಂದ ಅವನು ಮೈಕ್ ಮುಟ್ಟಿಲ್ಲ. ಪಾಠದಲ್ಲಿ ಸುಮ್ನೆ ಯುದ್ಧ, ಒಪ್ಪಂದ, ಇಸವಿ ಅಂತ ಉರು ಹೊಡೆಸುತ್ತಾರೆ, ಹೀಗೂ ನಡೆದಿತ್ತು ಅಂತ ಯಾರೂ ಹೇಳಲ್ಲ. ಮಕ್ಕಳು ಮತ್ತೆಲ್ಲಿ ಹುಡುಕಬೇಕು? ಈ ಗುಂಪೂ ಹಾಗೇ ಆಗಿದೆ. ಇಸವಿ ಇಲ್ಲದ ಫಾರ್ವರ್ಡಿಗೆ ಇಪ್ಪತ್ತು ಚಪ್ಪಾಳೆ ಬೀಳುತ್ತವೆ, ನಾನು ಕೂತು ಓದಿ ತಿದ್ದಿ ಕಳಿಸಿದರೆ ಒಬ್ಬರೂ ತೆರೆದು ನೋಡಲ್ಲ. ಬೇಜಾರಾಗುತ್ತದೆ, ಹೇಳಿಬಿಟ್ಟೆ.

ಅಯ್ಯೋ, ನೀನು ಕೇಳಿದ್ದೇ ಉಳಿದುಹೋಯಿತು. ಮೂರು ಕತೆ ಅಲ್ವಾ.

ಸ್ಟ್ರಾಸ್‌ಬರ್ಗಿನ ಕುಣಿತ, 1518. ಈಗ ಫ್ರಾನ್ಸಿನಲ್ಲಿರುವ ಊರು. ಅದು ನಿಜ, ಹೇಳಲಿ. ಜುಲೈನಲ್ಲಿ ಒಬ್ಬ ಹೆಂಗಸು ಬೀದಿಯಲ್ಲಿ ಕುಣಿಯಲು ಶುರು ಮಾಡಿದಳು, ನಿಲ್ಲಿಸಲು ಆಗಲಿಲ್ಲ, ಕೆಲವೇ ವಾರದಲ್ಲಿ ಎಷ್ಟೋ ಜನಕ್ಕೆ ಅದೇ ಆಯಿತು. ಕುಣಿದರೇ ವಾಸಿಯಾಗುತ್ತದೆ ಅಂತ ನಗರ ಸಭೆಯವರು ಜಾಗ ಮಾಡಿಕೊಟ್ಟು ವಾದ್ಯದವರನ್ನೂ ಕರೆಸಿದರು, ಅದರಿಂದ ಇನ್ನೂ ಹೆಚ್ಚಾಯಿತು. ಕೊನೆಗೆ ಸಂಗೀತವನ್ನೇ ನಿಲ್ಲಿಸಿ, ಕುಣಿಯುವವರನ್ನು ಸಂತ ವೀಟಸ್ಸಿನ ಗುಡಿಗೆ ಕಳಿಸಿದರು. ಆ ಕಾಲದ ಬರಹಗಳು ಉಳಿದಿವೆ. ಆದರೆ ‘ದಿನಕ್ಕೆ 15 ಜನ ಸತ್ತರು’ ಅನ್ನುವ ಲೆಕ್ಕ ಅವುಗಳಲ್ಲಿ ಇಲ್ಲ, ಅದನ್ನು ತೆಗೆದುಹಾಕು. ಮತ್ತೆ ಹೇಳುತ್ತಿದ್ದೇನೆ, ಬಾಲ ಕತ್ತರಿಸದೆ ವೇದಿಕೆ ಹತ್ತಿಸಬೇಡ.

ಈಜಿಪ್ಟಿನ ರಾಣಿ ಕ್ಲಿಯೋಪಾತ್ರಾ ಕಾಲದ ಲೆಕ್ಕದಲ್ಲಿ ಪಿರಮಿಡ್ಡಿಗಿಂತ ಮನುಷ್ಯರ ಚಂದ್ರಯಾತ್ರೆಗೇ ಹತ್ತಿರದವಳು ಅನ್ನುವುದು ಪೂರ್ತಿ ಸರಿ. ದೊಡ್ಡ ಪಿರಮಿಡ್ಡು ಕ್ರಿ.ಪೂ. 2560ರ ಸುಮಾರಿನದು, ಅವಳು ಸತ್ತಿದ್ದು ಕ್ರಿ.ಪೂ. 30ರಲ್ಲಿ, ಚಂದ್ರನ ಮೇಲೆ ಇಳಿದಿದ್ದು 1969ರಲ್ಲಿ. ಕಳೆದು ನೋಡಲಿ.

ಚೀನಾದ ಗೋಡೆ ಚಂದ್ರನಿಂದ ಕಾಣುತ್ತದೆ ಅನ್ನುವುದು ಬೇಡವೇ ಬೇಡ. ಮನುಷ್ಯ ಚಂದ್ರನಿಗೆ ಹೋಗುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಆ ಮಾತು ಓಡಾಡುತ್ತಿತ್ತು, ಯಾರು ನೋಡಿ ಹೇಳಿದರು? ಚೀನಾದವರೇ ಆದ ಯಾಂಗ್ ಲಿವೇ 2003ರಲ್ಲಿ ಭೂಮಿ ಸುತ್ತಿ ಬಂದು, ನನಗೆ ಗೋಡೆ ಕಾಣಲಿಲ್ಲ ಅಂದರು. ಚಂದ್ರ ಅದಕ್ಕಿಂತ ಎಷ್ಟೋ ದೂರ.

ಅದರ ಬದಲು ಪೂರ್ವ ಆಫ್ರಿಕಾದ ದ್ವೀಪ ಜಾಂಜಿಬಾರಿನ ಯುದ್ಧ ಹೇಳಲಿ. 1896ರ ಆಗಸ್ಟ್ 27. ಬ್ರಿಟಿಷರಿಗೆ ಬೇಡವಾದ ಖಾಲಿದ್ ಅನ್ನುವವನು ಸುಲ್ತಾನನ ಗಾದಿಗೆ ಕೂತ, ಬೆಳಿಗ್ಗೆ 9ರೊಳಗೆ ಬಿಡು ಅಂದರು, ಬಿಡಲಿಲ್ಲ, ಹಡಗುಗಳಿಂದ ಅರಮನೆಗೆ ಗುಂಡು ಹಾರಿಸಿದರು. 10 ಗಂಟೆಯೊಳಗೆ ಯುದ್ಧವೇ ಮುಗಿದಿತ್ತು. ಕೆಲವರು 38 ನಿಮಿಷ ಅನ್ನುತ್ತಾರೆ, ಕೆಲವರು 45, ಅವನು ‘ಒಂದು ಗಂಟೆಗಿಂತ ಕಡಿಮೆ’ ಅನ್ನಲಿ, ಯಾರೂ ತಪ್ಪು ಹಿಡಿಯಲು ಆಗಲ್ಲ. ಆದರೆ ನಗುತ್ತಾ ಹೇಳಬಾರದು ಅಂತ ಹೇಳು, ಅಷ್ಟರಲ್ಲೇ ಅರಮನೆ ಕಡೆ ಸತ್ತವರು, ಗಾಯಗೊಂಡವರು ಸೇರಿ ಸುಮಾರು 500 ಜನ.

ಒಂದು ಚೀಟಿಯಲ್ಲಿ ಪ್ರತಿ ಕತೆಗೂ ಊರು, ಇಸವಿ, ಯಾರು ಬರೆದಿಟ್ಟಿದ್ದು ಅಂತ ಬರೆದು ಅವನ ಜೇಬಿನಲ್ಲಿ ಇಡು. ರಾತ್ರಿ ಮಲಗುವ ಮುಂಚೆ ನನಗೆ ಫೋನ್ ಮಾಡಿಸು, ಒಂದೊಂದಾಗಿ ಕೇಳುತ್ತೇನೆ.