ಮಳೆಗೆ ಮುಂಚೆ ಕಾರು: ವರ್ಕ್‌ಶಾಪಿನವರಿಗೆ ಪ್ರಶ್ನೆಗಳು

ಅಡ್ಮಿನ್: ಪತ್ತನಾಜೆ ಹತ್ತಿರ ಬಂತು. ಮಳೆ ಹಿಡಿಯುವ ಮೊದಲು ಕಾರಿನ ಸಣ್ಣಪುಟ್ಟ ಕೆಲಸ ಮನೆಯಲ್ಲೇ ಮಾಡಿ ನಾಲ್ಕು ಕಾಸು ಉಳಿಸುವುದು ಹೇಗೆ ಅಂತ ಸುಮಾರು ಜನ ಕೇಳಿದ್ದೀರಿ. ಕಾಸರಗೋಡಿನ ಬದಿಯಡ್ಕದಲ್ಲಿ ವರ್ಕ್‌ಶಾಪ್ ಇಟ್ಟಿರುವ ನಮ್ಮ ಸದಸ್ಯರು ಇವತ್ತು ರಾತ್ರಿ ಒಂಬತ್ತರವರೆಗೆ ಉತ್ತರ ಕೊಡ್ತಾರೆ. ಫಾರ್ವರ್ಡ್ ಹಾಕ್ಬೇಡಿ.

ನೀರ್ಚಾಲು, ಆಲ್ಟೋ: ಅಣ್ಣ, ಏರ್ ಫಿಲ್ಟರ್ ನಾವೇ ಬದಲಿಸ್ಲಿಕ್ಕೆ ಆಗ್ತದಾ?

ವರ್ಕ್‌ಶಾಪ್: ಧಾರಾಳ. ಕಪ್ಪು ಡಬ್ಬದ ಕ್ಲಿಪ್ ಬಿಡಿಸಿ, ಹಳೆಯದನ್ನು ತೆಗೆದು ಹೊಸತು ಕೂರಿಸುವುದು, ಹತ್ತು ನಿಮಿಷದ ಕೆಲಸ. ಹಳೆಯದನ್ನು ಬಿಸಿಲಿಗೆ ಹಿಡಿದು ನೋಡಿ, ಬೆಳಕು ಕಾಣದಿದ್ರೆ ಅದರ ಆಯುಷ್ಯ ಮುಗೀತು. ಕಾಗದದ ಫಿಲ್ಟರನ್ನು ನೀರಲ್ಲಿ ತೊಳೀಬೇಡಿ. ವೈಪರ್ ಬ್ಲೇಡೂ ನೀವೇ ಹಾಕಿ. ಆಗ ಗ್ಲಾಸಿನ ಮೇಲೆ ಒಂದು ದಪ್ಪ ಬೈರಾಸು ಮಡಚಿ ಇಡಿ. ಬ್ಲೇಡ್ ಇಲ್ಲದ ಕಬ್ಬಿಣದ ಕೈ ರಪ್ಪ ಬಿದ್ರೆ ಗ್ಲಾಸು ಸೀಳಿ ಹೋಗ್ತದೆ.

ಉಪ್ಪಳ: ಬ್ಯಾಟ್ರಿ ಟರ್ಮಿನಲ್ಲಿನಲ್ಲಿ ಬಿಳಿ-ಹಸುರು ಪುಡಿ ಕಟ್ಟಿದೆ. ಕೋಲಾ ಹೊಯ್ದರೆ ಹೋಗ್ತದೆ ಅಂತ ವಿಡಿಯೋ ಬಂದಿದೆ. ಸರಿಯಾ?

ವರ್ಕ್‌ಶಾಪ್: ಕೋಲಾ ಕುಡೀಲಿಕ್ಕೆ. ಮೊದಲು ಮೈನಸ್ ಬಿಡಿಸಿ, ಆಮೇಲೆ ಪ್ಲಸ್. ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ, ಹಳೇ ಹಲ್ಲುಜ್ಜುವ ಬ್ರಷ್. ಪೂರ್ತಿ ಒಣಗಿದ ಮೇಲೆ ಪ್ಲಸ್ ಮೊದಲು, ಮೈನಸ್ ಕೊನೆಗೆ. ಮೇಲಿಂದ ತೆಳ್ಳಗೆ ವ್ಯಾಸಲೀನ್. ಬಳೆ, ಉಂಗುರ ತೆಗೆದಿಟ್ಟು ಕೈ ಹಾಕಿ.

ಕುಂಬಳೆ: ಏಸಿ ಹಾಕಿದ ಕೂಡ್ಲೇ ಹುಳಿ ವಾಸನೆ. ಎಂತ ಮಾಡುದು?

ಏತಡ್ಕ: ಆಯಿಲ್ ಚೇಂಜ್ ಮನೆಯಲ್ಲೇ ಮಾಡುವ ಅಂತ ಎಣಿಸಿದ್ದೇನೆ. ಎಷ್ಟು ಉಳೀತದೆ?

ವರ್ಕ್‌ಶಾಪ್: ಮಜೂರಿ ಒಂದೇ ಉಳಿಯುವುದು. ಮೊದಲ ಸಲ ಸ್ಪ್ಯಾನರ್, ಟ್ರೇ ಕೊಂಡ್ರೆ ಅದೂ ಉಳಿಯುವುದಿಲ್ಲ. ಕಲಿಯುವ ಆಸೆ ಇದ್ರೆ ಮಾಡಿ. ಯಾವ ಗ್ರೇಡ್ ಅಂತ ಕಾರಿನ ಪುಸ್ತಕದಲ್ಲಿ ಉಂಟು, ಅಂಗಡಿಯವರನ್ನು ಕೇಳ್ಬೇಡಿ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ. ಬೋಲ್ಟಿನ ಮೇಲೆ ಪೌರುಷ ತೋರಿಸಿದ್ರೆ ಥ್ರೆಡ್ ಹೋಗ್ತದೆ, ಆಮೇಲೆ ನನ್ನ ಹತ್ರವೇ ಬರ್ತೀರಿ.

ಜಾಕಿ ಒಂದನ್ನೇ ನಂಬಿ ಕಾರಿನ ಅಡಿಗೆ ನುಗ್ಗಬಾರದು. ಮಳೆ ಬಿದ್ದ ಅಂಗಳದಲ್ಲಿ ಜಾಕಿ ಮಣ್ಣಿಗೆ ಇಳೀತದೆ. ಜಾಕಿಯ ಅಡಿಗೆ ಹಲಗೆ, ಕಾರಿಗೆ ಸ್ಟ್ಯಾಂಡ್, ಹಿಂದಿನ ಚಕ್ರಕ್ಕೆ ಅಡ್ಡ ಕಲ್ಲು. ಸ್ಟ್ಯಾಂಡಿನ ಬದಲಿಗೆ ಮುರಕಲ್ಲು ಇಟ್ಟವರನ್ನು ನೋಡಿದ್ದೇನೆ. ಅದು ಮನೆ ಕಟ್ಲಿಕ್ಕೆ ಒಳ್ಳೆದು. ಒಂದೇ ಮೂಲೆಗೆ ಭಾರ ಬಿದ್ರೆ ಸದ್ದಿಲ್ಲದೆ ಹೋಳಾಗ್ತದೆ.

ಮತ್ತೆ, ತೆಗೆದ ಆಯಿಲನ್ನು ಗುಡ್ಡೆ ಬದಿಗೆ ಚೆಲ್ಬೇಡಿ. ಕೆಳಗೆ ಗುಡ್ಡೆ ಕೊರೆದು ಮಾಡಿದ ಸುರಂಗದ ನೀರು ಕುಡಿಯುವ ಮನೆ ಉಂಟು. ಕ್ಯಾನಿಗೆ ತುಂಬಿಸಿ ತನ್ನಿ, ನನ್ನ ಡ್ರಮ್ಮಿಗೆ ಹಾಕ್ತೇನೆ.

ಅಡೂರು: ನಾವು ಬೇಲಿ ಗೂಟಕ್ಕೆ ಹಚ್ಚುದು. ಒರಳೆ, ಗೆದ್ದಲು ಹಿಡಿಯುದಿಲ್ಲ.

ಮುಳ್ಳೇರಿಯ ಮಾಷ್ಟ್ರು: ಗೂಟದ ಬುಡದಿಂದ ನಿಮ್ಮ ಬಾವಿಗೆ ಎಷ್ಟು ಕೋಲು?

ಅಡೂರು: ಮಾಷ್ಟ್ರೇ, ಇಪ್ಪತ್ತು ವರ್ಷದಿಂದ ಹಚ್ತಾ ಇದ್ದೇವೆ. ಮನೆಯಲ್ಲಿ ಯಾರೂ ಸಾಯ್ಲಿಲ್ಲ.

ಪೆರ್ಲ, ವ್ಯಾಗನಾರ್: ಬ್ರೇಕ್ ಆಯಿಲ್ ಮಿನ್ ಗೆರೆಗಿಂತ ಸ್ವಲ್ಪ ಕೆಳಗೆ ಇತ್ತು. ತಂಗಿಯ ಮಗ, ಎಲ್ಲ ಆಯಿಲೂ ಒಂದೇ ಅಂತ ಬಂದ ಮೆಸೇಜ್ ಓದಿ, ಮಿಕ್ಕಿದ್ದ ಇಂಜಿನ್ ಆಯಿಲನ್ನು ಅದಕ್ಕೆ ಹೊಯ್ದ. ಮೂರು ದಿವಸ ಆಯ್ತು. ಬ್ರೇಕ್ ಮೊದಲಿಗಿಂತ ಗಟ್ಟಿಯಾಗಿದೆ, ಒಳ್ಳೆದೇ ಆಯ್ತು ಅಂತ ಎಣಿಸಿದೆವು. ಪಿಕಪ್ ಮಾತ್ರ ಕಮ್ಮಿ. ನಾಳೆ ಸುಳ್ಯ ದಾರಿಯಾಗಿ ಮಡಿಕೇರಿಗೆ ಹೋಗ್ಲಿಕ್ಕುಂಟು, ಮಕ್ಕಳೂ ಇದ್ದಾರೆ. ತೊಂದ್ರೆ ಇಲ್ಲ ಅಲ್ವಾ ಭಾವ?

ವರ್ಕ್‌ಶಾಪ್: ಹೋಗ್ಬೇಡಿ. ಪೆರ್ಲ ಪೇಟೆಗೂ ತೆಗೆದುಕೊಂಡು ಹೋಗ್ಬೇಡಿ. ಕಾರು ಎಲ್ಲಿದೆಯೋ ಅಲ್ಲೇ ಇರಲಿ.

ಅದಕ್ಕೆ ಬ್ರೇಕ್ ಆಯಿಲ್ ಅಂತ ಹೆಸರಿಟ್ಟು ನಾವೇ ಕೆಡಿಸಿದ್ದು. ಅದು ಎಣ್ಣೆಯೇ ಅಲ್ಲ, ನೀರಿನೊಟ್ಟಿಗೆ ಬೆರೆಯುವ ಗ್ಲೈಕಾಲ್ ಜಾತಿಯ ದ್ರವ. ಬ್ರೇಕಿನ ಒಳಗಿನ ರಬ್ಬರುಗಳನ್ನು ಮಾಡಿದ್ದೂ ಅದಕ್ಕೆ ಹೊಂದುವ ಹಾಗೆ. ಇಂಜಿನ್ ಆಯಿಲ್ ತಾಗಿದ್ರೆ ಆ ರಬ್ಬರು ನೀರಲ್ಲಿ ಹಾಕಿದ ಕಡ್ಲೆಯ ಹಾಗೆ ಉಬ್ಬುತ್ತದೆ. ಪೆಡಲ್ ಬಿಟ್ಟಾಗ ದ್ರವ ಮೇಲಿನ ಡಬ್ಬಿಗೆ ವಾಪಸು ಬರ್ಲಿಕ್ಕೆ ಒಂದು ಸಣ್ಣ ತೂತು ಉಂಟು. ಉಬ್ಬಿದ ರಬ್ಬರು ಅದನ್ನು ಮುಚ್ಚಿದ್ರೆ ಕಾಲು ತೆಗೆದ್ರೂ ಬ್ರೇಕ್ ಪೂರ್ತಿ ಬಿಡುವುದಿಲ್ಲ. ನಿಮ್ಮ ಗಟ್ಟಿ ಬ್ರೇಕ್ ಅಂದ್ರೆ ಇದೇ, ಪಿಕಪ್ ಕಮ್ಮಿಯಾದ್ದೂ ಇದಕ್ಕೇ. ಹೀಗೆ ಹಿಡಿದುಕೊಂಡೇ ಸಂಪಾಜೆ ಘಾಟಿ ಹತ್ತಿ ಇಳಿದ್ರೆ ಚಕ್ರ ಕಾದು ಕೆಂಡ ಆಗ್ತದೆ, ಒಳಗಿನ ದ್ರವ ಕುದೀತದೆ, ಪೆಡಲ್ ನೆಲಕ್ಕೆ ಹೋಗ್ತದೆ.

ನಂಬಿಕೆ ಬಾರದಿದ್ರೆ ಎರಡು ಕೆಲಸ ಮಾಡಿ ನೋಡಿ. ಡಬ್ಬಿಯ ಮುಚ್ಚಳ ತೆಗೆದ್ರೆ ಅಡಿಯಲ್ಲಿ ರಬ್ಬರ್ ಉಂಟು. ಅದು ಮೊದಲಿನ ಜಾಗಕ್ಕೆ ಕೂರ್ತದಾ? ಮತ್ತೆ ಔಷಧಿಯ ಸಿರಿಂಜಿನಲ್ಲಿ ಸ್ವಲ್ಪ ಎಳೆದು ಒಂದು ಗ್ಲಾಸು ನೀರಿಗೆ ಬಿಡಿ. ಬ್ರೇಕಿನದ್ದಾದ್ರೆ ನೀರಲ್ಲಿ ಬೆರೀತದೆ, ಎಣ್ಣೆಯಾದ್ರೆ ಮೇಲೆ ತೇಲ್ತದೆ. ಪೈಂಟಿಗೆ ಬಿದ್ರೆ ಕೂಡ್ಲೇ ನೀರು ಹೊಯ್ಯಿರಿ, ಇಲ್ಲದಿದ್ರೆ ಪೈಂಟ್ ಏಳ್ತದೆ.

ಮತ್ತೊಂದು. ಮಟ್ಟ ಇಳಿದದ್ದು ಯಾಕೆ ಅಂತ ನೋಡಿದ್ರಾ? ಎಲ್ಲಾದ್ರೂ ಲೀಕ್ ಇರ್ಬೇಕು, ಇಲ್ಲವೇ ಪ್ಯಾಡ್ ಸವೆದಿರ್ಬೇಕು. ಪ್ಯಾಡ್ ಸವೆದ ಹಾಗೆ ಡಬ್ಬಿಯ ಮಟ್ಟ ಇಳೀತದೆ. ತುಂಬಿಸಿ ಆ ಗುರುತನ್ನೂ ಅಳಿಸಿದ್ರಿ.

ಉಪ್ಪಳ: ಇಷ್ಟೆಲ್ಲ ಮಂಡೆಬಿಸಿ ಯಾಕೆ? ಸಿರಿಂಜಿನಲ್ಲಿ ಮೇಲಿನದ್ದನ್ನು ಎಳೆದು ಹೊಸ ಡಾಟ್ 4 ಗ್ರೇಡಿನ ಬ್ರೇಕ್ ಆಯಿಲ್ ಹಾಕಿದ್ರೆ ಆಯ್ತು. ವಿಡಿಯೋ ಹಾಕ್ತೇನೆ.

ವರ್ಕ್‌ಶಾಪ್: ಹಾಕ್ಬೇಡಿ. ಓಡಿಸದೆ ಇದ್ದಿದ್ರೆ ಅದು ಬೇರೆ ಮಾತು. ಮೂರು ದಿವಸ ಪೆಡಲ್ ಒತ್ತಿ ಬಿಟ್ಟು ಮಾಡಿದ್ದಾರೆ, ಎಣ್ಣೆ ಕೆಳಗೆ ಇಳಿದಿದೆ. ಮಾಸ್ಟರ್ ಸಿಲಿಂಡರ್, ಕ್ಯಾಲಿಪರ್, ಹಿಂದಿನ ವೀಲ್ ಸಿಲಿಂಡರ್, ಹೋಸ್, ರಬ್ಬರ್ ಇರುವುದೆಲ್ಲ ಬದಲಾಗ್ಬೇಕು. ಚಕ್ರ ಲಾಕ್ ಆಗದ ಹಾಗೆ ನೋಡುವ ಏಬಿಎಸ್ ಇದ್ರೆ ಅದರ ಖರ್ಚು ಬೇರೆ. ವಿಡಿಯೋದವ ಇವರ ಮಕ್ಕಳೊಟ್ಟಿಗೆ ಘಾಟಿ ಇಳೀಲಿಕ್ಕೆ ಬರ್ತಾನಾ?

ನೀರ್ಚಾಲು, ಆಲ್ಟೋ: ಹಾಗಾದ್ರೆ ಬ್ರೇಕ್ ಆಯಿಲ್ ಎಷ್ಟು ವರ್ಷಕ್ಕೆ ಬದಲಿಸುದು?

ವರ್ಕ್‌ಶಾಪ್: ಎರಡು ವರ್ಷ. ಅದು ಗಾಳಿಯ ತೇವ ಹೀರ್ತದೆ. ಡಾಟ್ 3 ಹೊಸತಿರುವಾಗ ಕುದಿಯುವುದು 205 ಡಿಗ್ರಿಯ ಮೇಲೆ, ನೀರು ಹೀರಿದ ಮೇಲೆ 140ಕ್ಕೇ ಕುದಿಯಬಹುದು.

ಏತಡ್ಕ: ಹೆಡ್‌ಲೈಟ್ ಮಂಜಾಗಿದೆ. ಟೂತ್‌ಪೇಸ್ಟ್ ಹಚ್ಚಬಹುದಾ?

ವರ್ಕ್‌ಶಾಪ್: ಒಂದು ವಾರ ಫಳಫಳ. ಮೇಲಿನ ಕೋಟಿಂಗ್ ಹೋಗಿ ಆಮೇಲೆ ಇನ್ನೂ ಹಳದಿ.

ಅಡೂರು: ಪೆಟ್ರೋಲ್ ಟ್ಯಾಂಕಿಗೆ ನುಸಿಗುಳಿಗೆ ಹಾಕಿದ್ರೆ ಮೈಲೇಜ್?

ವರ್ಕ್‌ಶಾಪ್: ಕಪಾಟಿಗೆ ಹಾಕಿ.

ಉಪ್ಪಳ: ಮೈಲೇಜಿಗಿಂತ ತಲಪಾಡಿ ಗಡಿ ದಾಟಿ ಕರ್ನಾಟಕದಲ್ಲಿ ಪೆಟ್ರೋಲ್ ಹಾಕಿಸಿ. ಲೀಟರಿಗೆ ಅಷ್ಟಿಷ್ಟು ಲಾಭ ಉಂಟು.

ಅಡೂರು: ಉಪ್ಪಳದವರಿಗೆ ಅದು ಗೇಟಿನ ಹೊರಗೆ. ನಾನು ಅಲ್ಲಿಗೆ ಹೋಗಿ ಬರುವಾಗ ಲಾಭ ಎಲ್ಲ ಹೊಗೆಯಾಗಿ ಹೋಗ್ತದೆ.

ಉಪ್ಪಳ: ನಿಮಗೆ ಜಾಲ್ಸೂರು ಕಡೆ ಉಂಟಲ್ಲ ಮಾರಾಯ್ರೇ.

ಮುಳ್ಳೇರಿಯ ಮಾಷ್ಟ್ರು: ರಸ್ತೆ ಹಾಕ್ಲಿಕ್ಕೆ ಕೇರಳ, ತೆರಿಗೆ ಕಟ್ಲಿಕ್ಕೆ ಕರ್ನಾಟಕ. ಒಳ್ಳೆ ನ್ಯಾಯ.

ಅಡೂರು: ಮಾಷ್ಟ್ರು ಕಳೆದ ವಾರ ಪುತ್ತೂರಿನಲ್ಲಿ ಟ್ಯಾಂಕ್ ಫುಲ್ ಮಾಡಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಮುಳ್ಳೇರಿಯ ಮಾಷ್ಟ್ರು: ಅದು ಮದುವೆಗೆ ಹೋದ್ದು. ವೈಯಕ್ತಿಕ ವಿಷಯ ಇಲ್ಲಿ ಬೇಡ.

ಅಡ್ಮಿನ್: ಪೆಟ್ರೋಲ್ ಸಾಕು. ಇನ್ನು ಹಾಕಿದ್ರೆ ಡಿಲೀಟ್.

ಕುಂಬಳೆ: ಏಸಿ ವಾಸನೆಗೆ ಉತ್ತರ ಬರ್ಲಿಲ್ಲ. ಬ್ರೇಕ್ ಕೆಟ್ಟವರಿಗೆ ಮಾತ್ರವಾ ಈ ಗುಂಪು?

ಹೊಸಂಗಡಿ: ಈಗಷ್ಟೇ ಬಂದೆ. ಏರ್ ಫಿಲ್ಟರ್ ಮನೆಯಲ್ಲೇ ಹಾಕಬಹುದಾ ಸರ್?

ವರ್ಕ್‌ಶಾಪ್: ಮೇಲೆ ಓದಿ.

ಪೆರ್ಲ, ವ್ಯಾಗನಾರ್: ಟಾರ್ಚ್ ಹಿಡಿದು ನೋಡಿದೆವು ಭಾವ. ಗ್ಲಾಸಿನಲ್ಲಿ ಮೇಲಿಂದ ಎಣ್ಣೆಯ ಹಳದಿ ಬಳೆ ನಿಂತಿದೆ. ಮುಚ್ಚಳದ ರಬ್ಬರು ಹಪ್ಪಳ ಕಾಯಿಸಿದ ಹಾಗೆ ಅಲೆ ಅಲೆ ಆಗಿದೆ, ಒತ್ತಿದ್ರೂ ಕೂರ್ತಾ ಇಲ್ಲ. ಗೇರ್ ನ್ಯೂಟ್ರಲ್ ಮಾಡಿ ಇಬ್ಬರು ದೂಡಿದೆವು, ಅಲ್ಲಾಡ್ಲಿಲ್ಲ. ಹುಡುಗ ಊಟ ಬಿಟ್ಟು ಕೂತಿದ್ದಾನೆ. ಎಷ್ಟು ಖರ್ಚು ಬರಬಹುದು?

ವರ್ಕ್‌ಶಾಪ್: ಬಿಚ್ಚಿ ನೋಡದೆ ಹೇಳುವುದಿಲ್ಲ. ಹುಡುಗನಿಗೆ ಬೈಬೇಡಿ, ಊಟ ಮಾಡಿಸಿ. ಬೆಳಿಗ್ಗೆ ಎಂಟಕ್ಕೆ ಕ್ರೇನ್ ಗಾಡಿ ಕಳಿಸ್ತೇನೆ, ಹಗ್ಗ ಕಟ್ಟಿ ಎಳ್ಕೊಂಡು ಬರುವ ಬುದ್ಧಿ ಮಾಡ್ಬೇಡಿ. ಹೊಯ್ದ ಆಯಿಲಿನ ಬಾಟ್ಲಿಯನ್ನೂ ಕಾರಿನಲ್ಲಿಡಿ. ಮಡಿಕೇರಿಗೆ ಬಸ್ಸುಂಟು.